ಒತ್ತಿದರೂ ನಿಲ್ಲದ ಕಾರು

ನಮ್ಮ ಕಾರು ಮೊದಲ ಸಲ ನಿಲ್ಲದೇ ಹೋದದ್ದು ಒಂದು ನೀರಿನ ಡ್ರಮ್ಮಿನ ಮುಂದೆ. ಡ್ರಮ್ಮು ಖಾಲಿ ಇತ್ತು, ಅದು ನಮ್ಮ ಪುಣ್ಯ. ಗುದ್ದಿದ ಸದ್ದಿಗೆ ಓಣಿಯ ಎರಡೂ ಕಡೆ ಕಿಟಕಿಗಳು ತೆರೆದವು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ನಮ್ಮ ಅತ್ತೆ ತಲೆಯೆತ್ತಿ, "ಮನೆ ಬಂತಾ?" ಅಂದರು.

"ನಾನು ಒತ್ತಿದೆ" ಅಂದೆ.

"ಏನನ್ನ?" ಅಂದರು ಪಕ್ಕದಲ್ಲಿ ಕೂತಿದ್ದ ನಮ್ಮವರು. ಅವರ ಕನ್ನಡಕ ಮೂಗಿನ ತುದಿಗೆ ಬಂದು ನಿಂತಿತ್ತು.

"ಬ್ರೇಕು ರೀ. ಜೀವ ಬಿಟ್ಟು ಒತ್ತಿದೆ. ನಿಲ್ಲಲಿಲ್ಲ."

"ಒತ್ತಿದ್ರೆ ನಿಲ್ತಿತ್ತು."

"ಒತ್ತಿದೆ ಅಂತ ಹೇಳ್ತಾ ಇದೀನಲ್ಲ!"

ಅಲ್ಲಿಗೆ ಮಾತು ನಿಂತಿತು. ಸಂಸಾರ ಹಳೆಯದಾದ ಮೇಲೆ ಯಾವ ಮಾತನ್ನು ರಸ್ತೆಯಲ್ಲಿ ಮುಗಿಸಬೇಕು, ಯಾವುದನ್ನು ಮನೆಗೆ ಒಯ್ಯಬೇಕು ಅನ್ನೋದು ಗೊತ್ತಾಗಿರುತ್ತದೆ. ಆದರೆ ನನ್ನ ತಲೆಯಲ್ಲಿ ಅದು ನಿಲ್ಲಲಿಲ್ಲ. ನಾನು ಒತ್ತಿದ್ದು ನಿಜ. ತೊಡೆಯ ತನಕ ನರ ಬಿಗಿದಿತ್ತು. ಹಾಗಾದರೆ ಆ ಒತ್ತು ಹೋಯಿತೆಲ್ಲಿಗೆ?

ನಾನು ಹೊಲಿಗೆ ಮಷೀನ್ ರಿಪೇರಿ ಮಾಡುವವಳು. ಹದಿನೇಳನೇ ವಯಸ್ಸಿಗೆ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯಲು ಕೂತೆ. ಮಷೀನ್ ಕೆಟ್ಟಾಗ ಮೆಕ್ಯಾನಿಕ್ ಬರುವವರೆಗೆ ಕೈ ಕಟ್ಟಿ ಕೂರಲಾಗದೆ ನಾನೇ ಬಿಚ್ಚಿ ನೋಡುತ್ತಿದ್ದೆ, ಹಾಗೇ ಕಲಿತೆ. ಕಲಿಸಿದವರು ಯಾರೂ ಇಲ್ಲ, ಬೈದವರು ಬೇಕಾದಷ್ಟು ಜನ. ಈಗ ಟೈಲರುಗಳ ಮನೆಗೆ, ಅಂಗಡಿಗೆ ಹೋಗಿ ರಿಪೇರಿ ಮಾಡಿ ಬರುತ್ತೇನೆ, ದೊಡ್ಡ ಕೆಲಸವಾದರೆ ಮಷೀನನ್ನೇ ಮನೆಗೆ ಹೊತ್ತು ತರುತ್ತೇನೆ. ಕರೆಂಟಿನಲ್ಲಿ ಓಡುವ ಪವರ್ ಮಷೀನಿನ ಮೇಲ್ಭಾಗ ಅಂದರೆ ಒಂದು ಮೂಟೆ ಅಕ್ಕಿಯಷ್ಟು ಭಾರ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವ ಕಾಲ ಮುಗಿಯಲಿ ಅಂತಲೇ ಹನ್ನೊಂದು ವರ್ಷದ ಹಿಂದೆ ಈ ಕಾರನ್ನು ಕೊಂಡದ್ದು. ಕೊಂಡಾಗಲೇ ಅದಕ್ಕೆ ಹತ್ತು ವರ್ಷ. ಒಂದು ಕಾಲಕ್ಕೆ ಕೆಂಪು, ಈಗ ಬಿಸಿಲಲ್ಲಿ ಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣ. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಅತ್ತೆ ಅದಕ್ಕೆ ಡಬ್ಬಿ ಅಂತ ಹೆಸರಿಟ್ಟಿದ್ದಾರೆ. "ಮುಚ್ಚಳ ಯಾರಾದ್ರೂ ತೆಗೀರೋ" ಅಂತ ಒಳಗಿನಿಂದ ಕೂಗುವುದು ಅವರೇ.

ಇಷ್ಟು ವರ್ಷ ಓಡಿಸಿದ್ದು ನಮ್ಮವರು. ತಮ್ಮ ಜೆರಾಕ್ಸ್ ಅಂಗಡಿ ತೆರೆಯುವ ಮೊದಲು ನನ್ನನ್ನು ಎಲ್ಲಾದರೂ ಇಳಿಸಿ ಹೋಗುವುದು, ಅಂಗಡಿ ಮುಚ್ಚಿ ಕರೆತರುವುದು. ಈ ವರ್ಷ ಅವರ ಬಲಗಣ್ಣಿನ ಒಳಪರದೆ ಹರಿದು ಆಪರೇಷನ್ ಆಯಿತು. ಡಾಕ್ಟರು, "ಪಕ್ಕದ ಸೀಟಿನಲ್ಲಿ ಕೂತು ಬೈಯ್ಯಬಹುದು, ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ" ಅಂದರು. ಅದೇ ವಾರ ಊರಾಚೆಯ ಒಂದು ಹೊಲಿಗೆ ಯೂನಿಟ್ಟಿನಿಂದ ನನಗೆ ಕರೆ ಬಂತು. ಅರವತ್ತು ಮಷೀನು. ಅಷ್ಟನ್ನೂ ನೋಡಿಕೊಳ್ಳುವ ಕಾಯಂ ಕೆಲಸ.

ಅಲ್ಲಿನ ಸೂಪರ್‌ವೈಸರ್ ಮೇಡಂ ಮಾತನ್ನು ಅಳೆದು ಕತ್ತರಿಸುವ ಹೆಂಗಸು. "ನಿಮ್ಮ ಕೈ ಹೇಗೆ ಅಂತ ಕೇಳಿ ತಿಳ್ಕೊಂಡಿದೀನಿ. ಆದ್ರೆ ಏಳು ಗಂಟೆಗೆ ಲೈನ್ ಶುರು. ಅಷ್ಟೊತ್ತಿಗೆ ಸಾಮಾನು ಸಮೇತ ಇಲ್ಲಿರಬೇಕು. ಬಸ್ ಲೇಟು, ಮನೆಯವರು ಬಿಡೋಕೆ ಬರ್ಲಿಲ್ಲ, ಅದೆಲ್ಲ ನಡೆಯಲ್ಲ. ಎರಡು ತಿಂಗಳು ಟೈಮ್ ಇದೆ. ಒಂದನೇ ತಾರೀಕು ನೀವೇ ಗಾಡಿ ಓಡಿಸ್ಕೊಂಡು ಗೇಟಿನೊಳಗೆ ಬಂದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ."

ಇಷ್ಟು ವರ್ಷ ಮನೆ ಮನೆ ಅಲೆದವಳಿಗೆ ಒಂದು ಬೆಂಚು, ಒಂದು ಬೀರು, ನನ್ನದೇ ಒಂದು ಕುರ್ಚಿ. ಆ ಕುರ್ಚಿಯನ್ನು ಅವರು ತೋರಿಸಿಯೂ ಬಿಟ್ಟಿದ್ದರು. ನಾನು ಮಾರನೇ ದಿನವೇ ಎಲ್ ಬೋರ್ಡು ಅಂಟಿಸಿದೆ.

ಡ್ರಮ್ಮಿನ ಕಥೆ ನಡೆದದ್ದು ಮೂರನೇ ವಾರ. ಆಮೇಲೆ ನಾಲ್ಕು ರಸ್ತೆ ಸೇರುವಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಒತ್ತಿದೆ. ಕಾರು ನಿಧಾನವಾಯಿತು, ನಿಲ್ಲಲಿಲ್ಲ. ನಮ್ಮವರು ಹ್ಯಾಂಡ್‌ಬ್ರೇಕ್ ಎಳೆದರು, ಸೈಕಲ್ಲಿನವನು ನಮ್ಮ ವಂಶದ ಬಗ್ಗೆ ನಾಲ್ಕು ಮಾತು ಹೇಳಿ ಹೋದ. ಮೂರನೆಯದು ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ. ಎಲ್ಲ ಸರಿಯಾಗಿತ್ತು, ಎಂಟರ ಆಕಾರ ಸುತ್ತಿದೆ, ಹಿಂದಕ್ಕೆ ತೆಗೆದೆ. ಕೊನೆಯಲ್ಲಿ ಇನ್‌ಸ್ಪೆಕ್ಟರು ಇದ್ದಕ್ಕಿದ್ದಂತೆ ಕೈ ಅಡ್ಡ ಹಿಡಿದರು. ನಾನು ಒತ್ತಿದೆ. ಕಾರು ಅವರು ಎಳೆದ ಬಿಳಿ ಗೆರೆಯನ್ನು ದಾಟಿ, ಇನ್ನೂ ಒಂದಾಳುದ್ದ ಮುಂದೆ ಹೋಗಿ, ಮನಸ್ಸು ಬಂದಾಗ ನಿಂತಿತು.

"ಕೈ ಕಾಣಿಸ್ತಾ?"

"ಕಾಣಿಸ್ತು ಸರ್."

"ಮತ್ತೆ?"

"ಒತ್ತಿದೆ ಸರ್. ನಿಲ್ಲಲಿಲ್ಲ."

ಅವರು ಒಳ್ಳೆಯವರು. ನನ್ನನ್ನು ಇಳಿಸಿ, ತಾವೇ ಕೂತು ಒಂದು ಸುತ್ತು ಹೋಗಿ, ಕಿರ್ ಅಂತ ನಿಲ್ಲಿಸಿ ತೋರಿಸಿದರು. "ಗಾಡಿಗೇನೂ ಆಗಿಲ್ಲಮ್ಮಾ. ಇಪ್ಪತ್ತೇಳಕ್ಕೆ ಬನ್ನಿ."

ಇಪ್ಪತ್ತೇಳು ಅಂದರೆ ಒಂದನೇ ತಾರೀಕಿಗೆ ನಾಲ್ಕೇ ದಿನ ಮೊದಲು. ಅದರಲ್ಲೂ ಫೇಲಾದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ.

ಕಾರನ್ನು ಮೇಸ್ತ್ರಿಯ ಗ್ಯಾರೇಜಿಗೆ ಬಿಟ್ಟೆವು. ಮೇಸ್ತ್ರಿ ಅಂದರೆ ನನಗಿಂತ ನಾಲ್ಕು ವರ್ಷ ಚಿಕ್ಕವನು, ಆದರೆ ಕಾರುಗಳ ಜೊತೆ ಅಜ್ಜನ ಹಾಗೆ ಮಾತಾಡುತ್ತಾನೆ. ನಾಲ್ಕೂ ಚಕ್ರ ಬಿಚ್ಚಿದ. ಬ್ರೇಕ್ ಆಯಿಲ್ ಬೆರಳಿಗೆ ಹಚ್ಚಿ ಮೂಸಿದ. ಪೈಪಿನ ಉದ್ದಕ್ಕೂ ಟಾರ್ಚ್ ಬಿಟ್ಟ. "ಏನಪ್ಪಾ ನಿನ್ನ ಸಂಕಟ, ಬಾಯಿ ಬಿಡು" ಅಂತ ಚಕ್ರವನ್ನೇ ಕೇಳಿದ.

ಕೊನೆಗೆ ಕೈ ಒರೆಸಿಕೊಂಡು, "ಅಕ್ಕಾ, ಬ್ರೇಕ್ ಸರಿ ಇದೆ" ಅಂದ.

"ಸರಿ ಇದ್ರೆ ನಿಲ್ಬೇಕಿತ್ತು ತಾನೇ?"

"ನೀವು ಒತ್ತಿದ್ರಾ?"

"ಮೇಸ್ತ್ರಿ, ಇನ್ನೊಂದ್ಸಲ ಯಾರಾದ್ರೂ ಅದನ್ನ ಕೇಳಿದ್ರೆ ನಾನು ಸ್ಪ್ಯಾನರ್ ಎತ್ಕೋತೀನಿ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಯಾಕೆಂದರೆ ನಾನು ಗಿರಾಕಿಗಳ ಮುಂದೆ ದಿನಾ ಆಡುವ ಮಾತೇ ಅದು. 'ಮಷೀನ್ ಸರಿ ಇದೆ, ನೀವೊಂದ್ಸಲ ಹೊಲಿದು ತೋರಿಸಿ.' ಸೂಜಿಯನ್ನು ಉಲ್ಟಾ ಹಾಕಿ ಮಷೀನನ್ನು ಬೈಯುವವರನ್ನು ಎಷ್ಟು ಜನರನ್ನು ನೋಡಿಲ್ಲ ನಾನು! ಈಗ ಗಿರಾಕಿಯ ಜಾಗದಲ್ಲಿ ನಿಂತಿದ್ದೆ, ಅದು ಚುಚ್ಚುತ್ತಿತ್ತು. ಆದರೂ, ಹಾಗೆ ಅನ್ನಿಸಿಕೊಂಡು ಮನೆಗೆ ಹೋದ ಆ ಹೆಂಗಸರೆಲ್ಲ ಆಮೇಲೆ ಏನು ಮಾಡುತ್ತಿದ್ದರು ಅಂತ ಮೊದಲ ಸಲ ಕುತೂಹಲವಾಯಿತು.

"ಹಳೇ ಗಾಡಿ. ಬಿಚ್ಚಿದ್ದೇ ಬಿಚ್ಚಿದೀವಿ, ಸವೆದಿರೋದನ್ನೆಲ್ಲ ಹೊಸದು ಹಾಕಿಬಿಡೋಣ" ಅಂದ ಮೇಸ್ತ್ರಿ. ಮುಂದಿನ ಚಕ್ರಗಳ ಬ್ರೇಕಿಗೆ ಹೊಸ ಪ್ಯಾಡು, ಹಿಂದಿನವಕ್ಕೆ ಹೊಸ ಶೂ, ಹೊಸ ಆಯಿಲ್, ಪೆಡಲ್ಲುಗಳ ಮೇಲೆ ಜಾರದ ಹಾಗೆ ಗೀರುಗೀರಿನ ರಬ್ಬರು. ಅಷ್ಟು ಹೇಳಿದ್ದೇ ತಡ, ಎಲ್ಲರ ಆಸೆಗಳೂ ಒಂದೊಂದಾಗಿ ಹೊರಗೆ ಬಂದವು.

"ಹಿಂದುಗಡೆ ನೋಡೋಕೆ ಕ್ಯಾಮೆರಾ ಹಾಕೋಕಾಗುತ್ತಾ?" ಅಂದರು ನಮ್ಮವರು.

"ಸಾರ್, ಈ ವಯಸ್ಸಲ್ಲಿ ಅದಕ್ಕೆ ಹಿಂದಿನದ್ದೆಲ್ಲ ಯಾಕೆ ತೋರಿಸ್ತೀರಿ? ಅಗಲ ಕನ್ನಡಿ ಹಾಕಿಕೊಡ್ತೀನಿ."

"ನನಗೊಂದು ಹಿಡಿ ಬೇಕಪ್ಪ, ಬಾಗಿಲ ಮೇಲೆ" ಅಂದರು ಅತ್ತೆ. "ಇವಳು ಓಡಿಸೋಕೆ ಶುರು ಮಾಡಿದಾಗಿನಿಂದ ನಾನು ಗಾಳಿ ಹಿಡ್ಕೊಂಡು ಕೂರ್ತಾ ಇದೀನಿ. ಆ ಬಾಗಿಲು ಒಳಗಿಂದ್ಲೂ ತೆರೆಯೋ ಹಾಗೆ ಮಾಡು. ಬಿದ್ರೆ ನಾನೇ ಎದ್ದು ಬರ್ತೀನಿ."

ಸೀಟಿನ ಹಳಿಗೆ ಗ್ರೀಸ್ ಹಾಕಿ ಮುಂದಕ್ಕೆ ಸರಿಯುವ ಹಾಗೆ ಮಾಡಲು ನಾನು ಹೇಳಿದೆ. ಕೆಳಗಿನ ಹಾಸು ಎತ್ತಿದಾಗ ಅದು ಹಾಸಾಗಿ ಉಳಿದಿರಲಿಲ್ಲ, ಒದ್ದೆ ಬೆಕ್ಕಿನ ಹಾಗೆ ಕೈಯಲ್ಲಿ ಜೋತಾಡಿತು. ಅಡಿಯ ತಗಡಿನಲ್ಲಿ ಎರಡು ಕಡೆ ತುಕ್ಕು ತಿಂದಿತ್ತು. ಮೇಸ್ತ್ರಿ ತೇಪೆ ಹಾಕಿ, ಬಣ್ಣ ಹೊಡೆದು, ಮೇಲೆ ದಪ್ಪ ಕಪ್ಪು ರಬ್ಬರಿನ ಹೊಸ ಮ್ಯಾಟನ್ನು ಮೂಲೆಮೂಲೆಗೂ ಕತ್ತರಿಸಿ ಕೂರಿಸಿದ. ಆ ಕತ್ತರಿ ಕೆಲಸ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಒಂದು ಕೂದಲೆಳೆ ಸಂದು ಬಿಟ್ಟಿರಲಿಲ್ಲ.

ಕಾರು ಮನೆಗೆ ಬಂದ ದಿನ ಮೂವರೂ ಸುಮ್ಮನೆ ಒಳಗೆ ಕೂತೆವು, ಗೇಟಿನೊಳಗೇ. ಹೊಸ ರಬ್ಬರಿನ ವಾಸನೆ. ಅತ್ತೆ ಬಾಗಿಲನ್ನು ಒಳಗಿನಿಂದ ನಾಲ್ಕು ಸಲ ತೆರೆದು ಮುಚ್ಚಿದರು.

ಒಂದು ಹಳೇ ಗೋದಾಮಿನ ಹಿಂದಿನ ಖಾಲಿ ಅಂಗಳದಲ್ಲಿ ಮತ್ತೆ ಅಭ್ಯಾಸ ಶುರು. ಮೇಸ್ತ್ರಿಯೇ ಬಂದು ಪಕ್ಕದಲ್ಲಿ ಕೂತ. "ಆ ಕಂಬದ ಹತ್ರ ನಿಲ್ಸಿ." ನಿಂತಿತು. "ಆ ಕಲ್ಲಿನ ಹತ್ರ." ನಿಂತಿತು. ನಲವತ್ತು ಸಲ ನಿಂತಿತು, ಗೆರೆ ಎಳೆದ ಹಾಗೆ. "ನೋಡಿದ್ರಾ? ಪ್ಯಾಡೇ ಆಗಿರ್ಬೇಕು" ಅಂತ ಅವನು ಇಳಿದು ಹೋದ, ಆ ಸೀಟಿಗೆ ನಮ್ಮವರು ಬಂದರು. ನಾವು ಮನೆಗೆ ಹೊರಟೆವು. ಮೂರನೇ ತಿರುವಿನಲ್ಲಿ ಒಂದು ಸ್ಕೂಟರು ಸಂದಿಯಿಂದ ಬಾಣದ ಹಾಗೆ ಹೊರಬಿತ್ತು. ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಹ್ಯಾಂಡ್‌ಬ್ರೇಕು, ಮತ್ತೆ ನಮ್ಮ ವಂಶ.

ಈ ಸಲ ನಮ್ಮವರು ಮನೆ ಮುಟ್ಟುವ ತನಕ ಹ್ಯಾಂಡ್‌ಬ್ರೇಕಿನ ಮೇಲಿನ ಕೈ ತೆಗೆಯಲಿಲ್ಲ. ಬೈದಿದ್ದರೂ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಾನು ಒಂದು ನೋಟ್‌ಬುಕ್ ಇಟ್ಟೆ. ಸತಾಯಿಸುವ ಮಷೀನು ಬಂದರೆ ನಾನು ಮಾಡುವುದು ಹೀಗೇ, ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ ಅಂತ ಬರೆಯುತ್ತಾ ಹೋಗುವುದು. ಚಪ್ಪಲಿ ಹಾಕಿ ಓಡಿಸಿದೆ. ಬರಿಗಾಲಲ್ಲಿ ಓಡಿಸಿದೆ. ನಮ್ಮವರ ಬೂಟು ಹಾಕಿ ಓಡಿಸಿದೆ, ಅದು ಕಾಲಿನಲ್ಲಿ ದೋಣಿಯ ಹಾಗೆ ತೇಲುತ್ತಿತ್ತು. ಸೀಟು ಮುಂದೆ, ಸೀಟು ಹಿಂದೆ. ಇಂಜಿನ್ ತಣ್ಣಗಿದ್ದಾಗ, ಬಿಸಿಯಾದಾಗ. ಹತ್ತು ದಿನ ಬರೆದದ್ದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ನೋಡಿದರೆ ಒಂದೇ ಒಂದು ವಿಷಯ ಎದ್ದು ಕಾಣುತ್ತಿತ್ತು.

"ರೀ, ನಿಲ್ಲಿಸಬೇಕು ಅಂತ ನನಗೆ ಮೊದಲೇ ಗೊತ್ತಿದ್ರೆ ಅದು ನಿಲ್ಲುತ್ತೆ. ಗೊತ್ತಿಲ್ದೇ ಇದ್ರೆ ನಿಲ್ಲಲ್ಲ."

"ಕಾರಿಗೆ ಹೇಗೆ ಗೊತ್ತಾಗುತ್ತೆ ನಿನಗೆ ಗೊತ್ತಿದೆಯೋ ಇಲ್ವೋ ಅಂತ?"

"ಅದೇ ನಾನೂ ಕೇಳ್ತಿರೋದು."

ಅತ್ತೆ ಬೀನ್ಸಿನ ನಾರು ತೆಗೆಯುತ್ತಾ, "ನನ್ನ ಗಂಡನೂ ಹಾಗೇ ಇದ್ರು. ಮೊದಲೇ ಹೇಳಿಟ್ರೆ ಕೇಳೋರು, ಇದ್ದಕ್ಕಿದ್ದ ಹಾಗೆ ಹೇಳಿದ್ರೆ ಕಿವಿಗೇ ಹಾಕ್ಕೊಳ್ತಿರ್ಲಿಲ್ಲ" ಅಂದರು.

ಮಾರನೇ ಬೆಳಿಗ್ಗೆ ಕಾರು ತೊಳೆಯುವಾಗ ಹೊಸ ಮ್ಯಾಟಿನಲ್ಲಿ ಒಂದು ಗುಳಿ ಕಂಡಿತು. ಚಿಕ್ಕದು, ನಾಣ್ಯದಷ್ಟು, ಆದರೆ ಬೆರಳಿಟ್ಟರೆ ಅರ್ಧ ಉಗುರು ಮುಳುಗುವಷ್ಟು ಆಳ. ಹಾಕಿಸಿ ಎರಡು ವಾರವೂ ಆಗಿಲ್ಲ! ಜಗಳಕ್ಕೆ ಒಂದು ಕಾರಣ ಸಿಕ್ಕಿತು ಅಂತ ನನಗೆ ಒಂಥರಾ ಸಮಾಧಾನವೇ ಆಯಿತು. ನಮ್ಮವರನ್ನು ಪಕ್ಕಕ್ಕೆ ಕೂರಿಸಿಕೊಂಡು ನೇರ ಗ್ಯಾರೇಜಿಗೆ ಹೋದೆ.

"ಮೇಸ್ತ್ರಿ, ಇದೆಂಥ ಮ್ಯಾಟು? ಆಗ್ಲೇ ತೂತು ಬೀಳ್ತಾ ಇದೆ."

ಅವನು ಬಾಗಿಲು ತೆರೆದು ಮೊಣಕಾಲೂರಿ ನೋಡಿದ. ಬಹಳ ಹೊತ್ತು ನೋಡಿದ.

"ಅಕ್ಕಾ, ಈ ಗುಳಿ ಬ್ರೇಕಿನ ಕೆಳಗಿಲ್ಲ. ಆಕ್ಸಿಲರೇಟರಿನ ಕೆಳಗಿದೆ."

"ಹಿಮ್ಮಡಿ ಅಲ್ಲೇ ತಾನೇ ಇರೋದು?"

"ಇರುತ್ತೆ. ಎಲ್ಲರದ್ದೂ ಇರುತ್ತೆ. ಆದ್ರೆ ಹಾಗೆ ಸವೆಯೋಕೆ ಮೂರು ವರ್ಷ ಬೇಕು. ಇದು ಸವೆದಿದ್ದಲ್ಲ." ಅವನು ಹೆಬ್ಬೆರಳನ್ನು ಗುಳಿಯೊಳಗೆ ಇಟ್ಟ. "ಇದು ಒತ್ತಿದ್ದು. ಯಾರ ಮೇಲೆ ಇಷ್ಟು ಸಿಟ್ಟು ನಿಮಗೆ?"

ನಮ್ಮವರು ಕೆಮ್ಮಿದರು. ನನ್ನ ಹಿಮ್ಮಡಿ ನನಗೆ ಹೇಳದೆ ಅಲ್ಲಿ ಏನು ಮಾಡುತ್ತಿತ್ತು?

ಮಧ್ಯಾಹ್ನ ಮನೆಯಲ್ಲಿ ಒಂದು ಪವರ್ ಮಷೀನ್ ಪರೀಕ್ಷೆ ಮಾಡುತ್ತಿದ್ದೆ. ಒಬ್ಬ ಟೈಲರಮ್ಮ ಬಿಟ್ಟು ಹೋದದ್ದು, ಹೊಸ ಮೋಟರ್ ಕೂರಿಸಿದ್ದೆ. ಹಳೇ ಬಟ್ಟೆಯ ತುಂಡು ಇಟ್ಟು ಹೊಲಿಗೆ ಓಡಿಸುತ್ತಾ, ದಾರದ ಬಿಗಿ ಸರಿ ಇದೆಯಾ ಅಂತ ನೋಡುತ್ತಾ ಇದ್ದೆ. ಆಗ ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಸ್ಟೀಲಿನ ಪರಾತ ಜಾರಿ ನೆಲಕ್ಕೆ ಬಿತ್ತು. ಸದ್ದು ಅಂದರೆ ಸದ್ದು. ನಾನು ಬೆಚ್ಚಿಬಿದ್ದೆ.

ಮಷೀನು ಟಕ್ ಅಂತ ನಿಂತಿತು. ದಾರ ತುಂಡಾಯಿತು.

ನಾನು ಕೈ ಹಾಗೇ ಇಟ್ಟುಕೊಂಡು ನಿಧಾನಕ್ಕೆ ಕೆಳಗೆ ಬಗ್ಗಿ ನೋಡಿದೆ. ನನ್ನ ಬಲಗಾಲಿನ ಬೆರಳುಗಳು ಮೇಲೆದ್ದಿದ್ದವು. ಹಿಮ್ಮಡಿ ಪೆಡಲ್ಲಿನ ಹಿಂಬದಿಯನ್ನು ಅದುಮಿ ಹಿಡಿದಿತ್ತು, ಇರುವ ಶಕ್ತಿಯನ್ನೆಲ್ಲ ಹಾಕಿ.

ಹೊಲಿಗೆ ಯೂನಿಟ್ಟಿನ ಮಷೀನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದರಲ್ಲಿ ಕಾಲಿಗೆ ಇರುವುದು ಒಂದೇ ಪೆಡಲ್ಲು, ಸಣ್ಣ ಹಲಗೆಯ ಹಾಗೆ. ಮುಂಗಾಲಿನಿಂದ ಅದುಮಿದರೆ ಓಡುತ್ತದೆ. ಹಿಮ್ಮಡಿಯಿಂದ ಹಿಂದಕ್ಕೆ ಅದುಮಿದರೆ ನಿಲ್ಲುತ್ತದೆ. ಓಡಿಸುವುದೂ ಅದೇ ಕಾಲು, ನಿಲ್ಲಿಸುವುದೂ ಅದೇ ಜಾಗ. ಸೂಜಿಯ ಹತ್ತಿರ ಬೆರಳು ಹೋಯಿತು, ಬಟ್ಟೆ ಸಿಕ್ಕಿಕೊಂಡಿತು, ಯಾರೋ ಕೂಗಿದರು, ಹಿಮ್ಮಡಿ! ಮೂವತ್ತು ವರ್ಷದಲ್ಲಿ ನನ್ನ ಹತ್ತು ಬೆರಳುಗಳನ್ನು ಉಳಿಸಿಕೊಟ್ಟದ್ದು ಆ ಹಿಮ್ಮಡಿ.

"ಅತ್ತೇ!" ಅಂತ ಕೂಗಿದೆ.

"ಏನೂ ಒಡೆದಿಲ್ಲ ಕಣೇ, ಸ್ಟೀಲು."

"ಇನ್ನೊಂದ್ಸಲ ಬೀಳ್ಸಿ!"

"ಏನು?"

"ಪರಾತ. ನನಗೆ ಹೇಳ್ದೇ ಬೀಳ್ಸಬೇಕು."

ಅತ್ತೆ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಒಳಗೆ ಹೋದರು. ಐದು ನಿಮಿಷ ಏನೂ ಇಲ್ಲ. ಮರೆತೇಬಿಟ್ಟರು ಅಂದುಕೊಂಡು ಹೊಲಿಗೆಯಲ್ಲಿ ಮುಳುಗಿದ್ದಾಗ ನನ್ನ ಬೆನ್ನ ಹಿಂದೆಯೇ ಢಣ್! ಮಷೀನು ನಿಂತಿತು, ದಾರ ತುಂಡಾಯಿತು, ಹಿಮ್ಮಡಿ ಕೆಳಗೆ. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಸಂಜೆ ನಮ್ಮವರಿಗೆ ಕಾರಿನೊಳಗೇ ಕೂತು ಮಾಡಿ ತೋರಿಸಿದೆ. ಬೆಚ್ಚಿಬಿದ್ದಾಗ ಬೆರಳು ಆಕ್ಸಿಲರೇಟರಿನಿಂದ ಮೇಲೇಳುತ್ತದೆ, ಅದಕ್ಕೇ ಕಾರು ನಿಧಾನವಾಗುತ್ತದೆ. ಹಿಮ್ಮಡಿ ಬರೀ ನೆಲವನ್ನು ಒತ್ತುತ್ತದೆ, ಅದಕ್ಕೇ ನಿಲ್ಲುವುದಿಲ್ಲ. ಮೊದಲೇ ಗೊತ್ತಿದ್ದರೆ ತಲೆ ಕಾಲಿಗೆ ಹೇಳಿ ಬ್ರೇಕಿನ ಕಡೆ ಕಳಿಸುತ್ತದೆ. ಗೊತ್ತಿಲ್ಲದಿದ್ದರೆ ಕಾಲು ತಲೆಗೆ ಕಾಯುವುದಿಲ್ಲ.

ಅವರು ಟಾರ್ಚ್ ಹಿಡಿದು, ಒಳ್ಳೆಯ ಕಣ್ಣನ್ನು ಗುಳಿಯ ಹತ್ತಿರ ಒಯ್ದು ನೋಡಿದರು. ಆಮೇಲೆ ಎದ್ದು ನಿಂತರು.

"ಅಂದ್ರೆ ನೀನು ಒತ್ತಿದ್ದು ನಿಜ."

"ಅದನ್ನೇ ಒಂದು ತಿಂಗಳಿಂದ ಹೇಳ್ತಾ ಇದೀನಿ."

"ನಿಜಾನೇ ಹೇಳಿದೀಯ. ನಾನೇ..." ಅಂತ ಅಲ್ಲಿಗೇ ನಿಲ್ಲಿಸಿ, ಟಾರ್ಚ್ ಆರಿಸಿದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಆಮೇಲೆ, "ಮೂವತ್ತು ವರ್ಷದ್ದು ಒಂಬತ್ತು ದಿನದಲ್ಲಿ ಹೋಗುತ್ತಾ?" ಅಂದರು.

ಪರೀಕ್ಷೆಗೆ ಉಳಿದದ್ದು ಒಂಬತ್ತೇ ದಿನ.

ನನಗೂ ಗೊತ್ತಿರಲಿಲ್ಲ. ಕಾಲಿಗೆ ಬೈದರೆ ಅದಕ್ಕೆ ಕೇಳಿಸುತ್ತದೆಯೇ? ಆದರೆ ಒಂದು ಯೋಚನೆ ಬಂತು. ಈ ಒಂಬತ್ತು ದಿನ ನನ್ನ ಕಾಲು ಯಾವ ಮಷೀನಿನ ಪೆಡಲ್ಲನ್ನೂ ಮುಟ್ಟಬಾರದು. ಅದಕ್ಕೆ ಗೊತ್ತಿರುವುದು ಕಾರು ಒಂದೇ ಅಂತಾಗಲಿ. ಆದರೆ ಬೆಂಚಿನ ಮೇಲೆ ನಾಲ್ಕು ಮಷೀನು ಕಾದು ಕೂತಿದ್ದವು. ಓಡಿಸಿ ನೋಡದೆ ರಿಪೇರಿ ಹೇಗೆ?

"ನಾನಿಲ್ವಾ?" ಅಂದರು ಅತ್ತೆ.

ಅಂದಿನಿಂದ ಅತ್ತೆ ನನ್ನ ಕಾಲಾದರು. ನಾನು ಪಕ್ಕದಲ್ಲಿ ನಿಂತು ಬಟ್ಟೆ ಹಿಡಿಯುವುದು, ಅವರು ಕುರ್ಚಿಯಲ್ಲಿ ಕೂತು ಪೆಡಲ್ ಅದುಮುವುದು. "ನಿಧಾನ ಅತ್ತೆ." "ನಿಧಾನಾನೇ ಇದೀನಿ, ನಿನ್ನ ಮಷೀನೇ ಅವಸರದ್ದು." ಎಪ್ಪತ್ತೆರಡನೇ ವಯಸ್ಸಿಗೆ ಅವರಿಗೆ ವೇಗದ ರುಚಿ ಹತ್ತಿತು. ಒಂದು ಹಳೇ ದಿಂಬಿನ ಚೀಲದ ಮೂರೂ ಕಡೆ ಹೊಲಿದು, ಬಿಡದೆ ನಾಲ್ಕನೆಯದನ್ನೂ ಹೊಲಿದುಬಿಟ್ಟರು. ದಿಂಬು ತುಂಬಿಸಲು ಬಾಯಿಯೇ ಇರಲಿಲ್ಲ.

ಬೆಳಿಗ್ಗೆ ಸಂಜೆ ಕಾರಿನಲ್ಲಿ ಪಾಠ. ಇಂಜಿನ್ ಆರಿಸಿ, ಗೇಟಿನೊಳಗೇ. ನಾನು ಡ್ರೈವರ್ ಸೀಟಿನಲ್ಲಿ ಕೂತು ರೇಡಿಯೋ ಕೇಳುತ್ತಾ ಆಕ್ಸಿಲರೇಟರಿನ ಮೇಲೆ ಕಾಲಿಟ್ಟಿರುವುದು, ಹಿಂದಿನ ಸೀಟಿನಿಂದ ಅತ್ತೆ ಮನಸ್ಸಿಗೆ ಬಂದಾಗ, "ನಿಲ್ಸೇ!" ಅಂತ ಚೀರುವುದು. ಮೇಸ್ತ್ರಿ ಬ್ರೇಕ್ ಪೆಡಲ್ಲಿಗೆ ಒಂದು ಪುಟ್ಟ ಬಲ್ಬು ಜೋಡಿಸಿಕೊಟ್ಟಿದ್ದ, ಒತ್ತಿದರೆ ಸ್ಟಿಯರಿಂಗಿನ ಹಿಂದೆ ಕೆಂಪಗೆ ಹತ್ತುವ ಹಾಗೆ. "ಗಾಡಿಗೆ ಇದೂ ಒಂದು ಅಲಂಕಾರ ಇರ್ಲಿ ಅಕ್ಕಾ." ಬಲ್ಬು ಹತ್ತಿದರೆ ನಾನು ಗೆದ್ದೆ, ಹತ್ತದಿದ್ದರೆ ಅತ್ತೆ ಗೆದ್ದರು. ಮೊದಲ ದಿನ ಐವತ್ತಕ್ಕೆ ಮೂರು ಸಲ ಹತ್ತಿತು. ಎರಡನೇ ದಿನ ಐದು. ಅತ್ತೆ ಚೀರುವುದಕ್ಕೆ ಓಣಿಯವರು ಬಂದು, "ಏನಾದ್ರೂ ಜಗಳಾನಾ?" ಅಂತ ವಿಚಾರಿಸಿ ಹೋದರು. "ಇಪ್ಪತ್ತಾರು ವರ್ಷ ಬಾಯಿ ಮುಚ್ಕೊಂಡಿದ್ದೆ, ಈಗ ಸೊಸೆಯೇ ಬೈಸ್ಕೊಳ್ತಾ ಇದಾಳೆ" ಅಂದರು ಅತ್ತೆ. ಬಾಯಿ ಮುಚ್ಚಿಕೊಂಡಿದ್ದರು ಅನ್ನುವುದು ಮಾತ್ರ ಶುದ್ಧ ಸುಳ್ಳು.

ಐದನೇ ದಿನ ಒಂದು ವಿಚಿತ್ರ ನಡೆಯಿತು. ಅತ್ತೆ ಚೀರಿದಾಗ ನನ್ನ ಕಾಲು ಎಲ್ಲಿಗೂ ಹೋಗಲಿಲ್ಲ. ಹಿಮ್ಮಡಿಯೂ ಇಲ್ಲ, ಬ್ರೇಕೂ ಇಲ್ಲ. ಎರಡು ಮನೆಯ ನಡುವೆ ನಿಂತ ನೆಂಟನ ಹಾಗೆ ಗಾಳಿಯಲ್ಲಿ ನಿಂತಿತ್ತು. ನನಗೆ ಅದನ್ನು ನೋಡಿ ಪಾಪ ಅನ್ನಿಸಿತು. ಏಳನೇ ದಿನದಿಂದ ಅದು ಎಡಕ್ಕೆ, ಬ್ರೇಕಿನ ಮೇಲಕ್ಕೆ ಹಾರತೊಡಗಿತು. ಎಂಟನೇ ದಿನ ಐವತ್ತಕ್ಕೆ ನಲವತ್ತೇಳು. ಉಳಿದ ಮೂರು ಎಲ್ಲಿ ಬಾಕಿ ಇವೆಯೋ, ನಾಳೆಯೇ ಬಂದರೆ ಏನು ಗತಿ ಅಂತ ಯೋಚಿಸುತ್ತಾ ಇಪ್ಪತ್ತೇಳರ ಬೆಳಿಗ್ಗೆ ಮೈದಾನಕ್ಕೆ ಹೋದೆ.

ಇನ್‌ಸ್ಪೆಕ್ಟರು ಈ ಸಲ ಹೊರಗೆ ನಿಲ್ಲಲಿಲ್ಲ, ಪಕ್ಕದಲ್ಲೇ ಕೂತರು. ಧೈರ್ಯಸ್ಥರು. ಸುತ್ತು ಹಾಕಿಸಿದರು, ಹಿಂದಕ್ಕೆ ತೆಗೆಸಿದರು, ಆಮೇಲೆ ಮಾತಿಗೆಳೆದರು. "ಏನ್ ಕೆಲಸ ಮಾಡ್ತೀರಮ್ಮಾ?" "ಮಷೀನ್ ರಿಪೇರಿ ಸರ್, ಹೊಲಿಗೆ..." ನಾನು ಹೇಳುತ್ತಿದ್ದ ಹಾಗೇ ಅವರು ಕೈಯಲ್ಲಿದ್ದ ರಟ್ಟಿನಿಂದ ಡ್ಯಾಶ್‌ಬೋರ್ಡಿಗೆ ಫಟ್ ಅಂತ ಹೊಡೆದು, "ನಿಲ್ಸಿ!" ಅಂದರು.

ಕೆಂಪು ಬಲ್ಬು ಹತ್ತಿದ್ದು ಮೊದಲು ಕಂಡಿತು. ಆಮೇಲೆ ಇನ್‌ಸ್ಪೆಕ್ಟರ ಪೆನ್ನು ಗಾಜಿಗೆ ಬಡಿದು ಬಿತ್ತು. ಆಮೇಲೇ ನನಗೆ ಗೊತ್ತಾದದ್ದು, ಕಾರು ನಿಂತಿದೆ ಅಂತ.

"ಇಷ್ಟು ಜೋರಾಗಿ ಬೇಡ್ವಾಗಿತ್ತು" ಅಂತ ಅವರು ಪೆನ್ನು ಹುಡುಕಿ, ಕಾಗದದ ಮೇಲೆ ಸಹಿ ಹಾಕಿದರು.

ಒಂದನೇ ತಾರೀಕು ಏಳಕ್ಕೆ ಹತ್ತು ನಿಮಿಷ ಇರುವಾಗ ಯೂನಿಟ್ಟಿನ ಗೇಟಿನೊಳಗೆ ಕಾರು ನಿಲ್ಲಿಸಿ, ಸಾಮಾನಿನ ಪೆಟ್ಟಿಗೆ ಇಳಿಸಿದೆ. ಸೂಪರ್‌ವೈಸರ್ ಮೇಡಂ ಗಡಿಯಾರ ನೋಡಿ, ಕಾರು ನೋಡಿ, "ಇದರಲ್ಲೇ ಬಂದ್ರಾ?" ಅಂತ ಮಾತ್ರ ಕೇಳಿದರು. ಮೂರನೇ ಸಾಲಿನ ಕಾಲರಿನ ಮಷೀನು ಹೊಲಿಗೆ ಬಿಡುತ್ತಿದೆ ಅಂತ ನೇರ ಅಲ್ಲಿಗೆ ಕರೆದೊಯ್ದರು. ಇಡೀ ಸಾಲು ಹೊಸ ಮೆಕ್ಯಾನಿಕ್ಕಮ್ಮನನ್ನು ನೋಡಲು ಕತ್ತು ತಿರುಗಿಸಿತ್ತು. ಕೆಳಗೆ ದಾರ ಹಿಡಿಯುವ ಹುಕ್ಕನ್ನು ಸರಿಮಾಡಿ, ಕುರ್ಚಿ ಎಳೆದು ಕೂತು, ಬಟ್ಟೆ ಇಟ್ಟು ಓಡಿಸಿದೆ. ಚೆನ್ನಾಗಿ ಬಂತು. ನಿಲ್ಲಿಸಬೇಕು ಅಂದುಕೊಂಡೆ. ನನ್ನ ಬಲಗಾಲು ಪೆಡಲ್ಲಿನಿಂದ ಎದ್ದು, ಎಡಕ್ಕೆ ಹಾರಿ, ಸ್ಟ್ಯಾಂಡಿನ ಕಬ್ಬಿಣದ ಕಾಲಿಗೆ ಜೋರಾಗಿ ಒದೆಯಿತು. ಮೇಜು ಅಲ್ಲಾಡಿತು, ಬಟ್ಟೆ ಎಳೆದುಕೊಂಡು ಸೂಜಿ ಮುರಿಯಿತು.

"ಏನಾಯ್ತು?" ಅಂದರು ಮೇಡಂ.

ಮೊದಲ ದಿನ, ಮೊದಲ ಮಷೀನು. ಹೇಳಲು ಸುಳ್ಳುಗಳು ಬೇಕಾದಷ್ಟು ಇದ್ದವು. ಪೆಡಲ್ ಸಡಿಲ ಅನ್ನಬಹುದಿತ್ತು, ಸೂಜಿ ಹಳೇದು ಅನ್ನಬಹುದಿತ್ತು. ಆದರೆ ಒಂದು ಮಷೀನಿನ ಮೇಲೆ ಇಲ್ಲದ ತಪ್ಪು ಹೊರಿಸುವುದು ಇನ್ನು ನನ್ನಿಂದಾಗುತ್ತಿರಲಿಲ್ಲ. ಕಾಲಿನ ಪಾದ ತಿಕ್ಕುತ್ತಾ ಎಲ್ಲ ಹೇಳಿದೆ. ಡ್ರಮ್ಮು, ಗುಳಿ, ಪರಾತ, ಅತ್ತೆ. ಮೇಡಂ ತುಟಿ ಬಿಗಿ ಹಿಡಿದು ಕೇಳಿದರು, ಅತ್ತೆ ಚೀರುವಲ್ಲಿಗೆ ಬಂದಾಗ ಅವರಿಂದ ತಡೆಯಲಾಗಲಿಲ್ಲ. ಸಾಲಿಗೆ ಸಾಲೇ ನಕ್ಕಿತು. "ಸೂಜಿ ಬದಲಾಯಿಸಿ, ಕೆಲಸ ನೋಡಿ. ಬೆಂಚು ಆ ಕಡೆ" ಅಂದು ಅವರು ಮುಂದಕ್ಕೆ ಹೋದರು.

ಒಬ್ಬಳು ಮಾತ್ರ ನಕ್ಕಿರಲಿಲ್ಲ. ಅದೇ ಕಾಲರಿನ ಮಷೀನಿನವಳು, ನಲವತ್ತರ ಆಸುಪಾಸು, ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಂಡಿದ್ದಳು. ನಾನು ಸೂಜಿ ಬಿಗಿಯುವಾಗ ಅವಳು ತನ್ನ ಬಲಗಾಲನ್ನೇ ನೋಡುತ್ತಾ ನಿಂತಿದ್ದಳು.

ಊಟದ ಹೊತ್ತಿಗೆ ಕಾರಿನ ಹತ್ತಿರ ಬಂದಳು. ಊಟದ ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ.

"ಅಕ್ಕಾ, ನಾನು ಮದುವೆಯಾದ ಹೊಸದ್ರಲ್ಲಿ ನಮ್ಮನೇವ್ರ ಕಾರು ಕಲಿಯೋಕೆ ಹೋಗಿದ್ದೆ. ನಾಲ್ಕೇ ದಿನ. ಆಗ್ಲೂ ಇದೇ ಮಷೀನಿನ ಕೆಲಸಾನೇ ನಂದು. ಕಾಂಪೌಂಡಿಗೆ ಗುದ್ದಿದೆ. 'ಒತ್ತು ಅಂದ್ರೆ ಒತ್ತಲ್ಲ, ನಿನಗೆ ಬರಲ್ಲ ಬಿಡು' ಅಂದ್ರು. ಬಿಟ್ಟೆ." ಡಬ್ಬಿಯ ಮುಚ್ಚಳವನ್ನು ಅದುಮಿ ಹಿಡಿದು, "ನಾನು ಒತ್ತಿದ್ದೆ ಅಕ್ಕಾ" ಅಂದಳು.

"ಎಷ್ಟು ವರ್ಷ ಆಯ್ತು?"

"ಹದಿನಾಲ್ಕು."

ನಾನು ಡ್ರೈವರ್ ಬಾಗಿಲು ತೆರೆದೆ. ಅವಳು ಅತ್ತಿತ್ತ ನೋಡಿ, ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು, ಅಂಚಿನಲ್ಲಿ ಕೂತಳು. "ಚಾವಿ ಹಾಕ್ಬೇಡಿ" ಅಂದಳು. ಹಾಕಲಿಲ್ಲ. ಅವಳು ಬಲಗಾಲನ್ನು ಆಕ್ಸಿಲರೇಟರಿನ ಮೇಲಿಟ್ಟು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಎದುರಿನ ಗೋಡೆಯನ್ನು ನೋಡುತ್ತಾ ಕೂತಳು. ನಾನು ಸದ್ದಾಗದ ಹಾಗೆ ಹಿಂದಿನ ಬಾಗಿಲು ತೆರೆದು, ಒಳಗೆ ಅತ್ತೆಯ ಜಾಗದಲ್ಲಿ ಕೂತು, ಉಸಿರು ತೆಗೆದುಕೊಂಡೆ.